ಕಾಣದುದರ ಗಣನೆ

ಅರಣ್ಯವೀಕ್ಷಣೆಯಲ್ಲಿ ರುಚಿಯುಳ್ಳ ನಮ್ಮಂಥವರು ಬಹುಮಟ್ಟಿಗೆ ಕಂಡುದನ್ನೇ ನೆನೆದು ಸುಖಪಡುವವರು. ಹುಲಿಯನ್ನು ಕಂಡವನು ಅದರ ಗಾಂಭೀರ್ಯವನ್ನು ವರ್ಣಿಸುತ್ತಾನೆ, ಕಾಣದವನು ಕೆಸರಿನಲ್ಲಿ ಮೂಡಿದ ಹೆಜ್ಜೆಯನ್ನು ವರ್ಣಿಸಿ ಸಮಾಧಾನ ಹೊಂದುತ್ತಾನೆ. ವನ್ಯಜೀವಿವಿಜ್ಞಾನಿಯಾದರೋ ತನ್ನ ಕಣ್ಣಿಗೆ ಬೀಳದೆ ಉಳಿದ ಪ್ರಾಣಿಗಳೆಷ್ಟು ಎಂಬ ಪ್ರಶ್ನೆಯನ್ನು ಹೊತ್ತು ಕಾಡನ್ನು ಹೊಗುತ್ತಾನೆ. ಆ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ದೊರೆಯುವಂತೆ ನಡೆಯುವುದೇ ಅವನ ನಿತ್ಯಕರ್ಮದ ಬಹುಭಾಗ. ಈ ನಡಿಗೆಯನ್ನು ನಾನು ಒಂದು ಉನ್ನತ ಕಲೆಯೆಂದೇ ಎಣಿಸಿದ್ದೇನೆ.

ನಮ್ಮ ನಾಡಿನಲ್ಲಿ ಈ ಕಲೆ ಬೇರೂರಿದುದು ನಾಗರಹೊಳೆಯಲ್ಲಿ. ಯಂತ್ರಶಾಸ್ತ್ರವನ್ನು ಓದಿ, ಆಮೇಲೆ ವನ್ಯಜೀವಿಗಳ ಅಧ್ಯಯನಕ್ಕೆ ತಮ್ಮನ್ನು ಒಪ್ಪಿಸಿಕೊಂಡ ಉಲ್ಲಾಸ ಕಾರಂತರು 1986ರಲ್ಲಿ ಅಲ್ಲಿ ತಮ್ಮ ದೀರ್ಘಕಾಲದ ಸಂಶೋಧನೆಯನ್ನು ಆರಂಭಿಸಿದರು. ಬೇಸಗೆ ಬಲಿತು, ಮತ್ತಿ ನಂದಿ ತೇಗಗಳು ಎಲೆಯುದುರಿಸಿ, ಕಾಡಿನ ಒಳಭಾಗ ಕಣ್ಣಿಗೆ ಒಂದಿಷ್ಟು ತೆರೆದುಕೊಳ್ಳುವ ದಿನಗಳಲ್ಲಿ, ಟ್ರಾನ್ಸೆಕ್ಟ್ ಎಂದು ಕ್ಷೇತ್ರಕಾರ್ಯದವರೆಲ್ಲ ಕರೆಯುವ ಗೆರೆದಾರಿಯ ತುದಿಯಲ್ಲಿ, ಹೊತ್ತು ಮೂಡುವ ಸಮಯಕ್ಕೆ ಸರಿಯಾಗಿ ಇಬ್ಬರು ನಿಂತಿರುತ್ತಾರೆ. ಅವರ ಕೈಯಲ್ಲಿರುವುದು ದಿಕ್ಸೂಚಿ, ದೂರಮಾಪಕ ಮತ್ತು ಬರೆಯುವ ಹಾಳೆ, ಇಷ್ಟೇ. ಮಾತಿಲ್ಲ, ಅವಸರವಿಲ್ಲ. ಜಿಂಕೆಯಾಗಲಿ ಕಡವೆಯಾಗಲಿ ಕಾಟಿಯಾಗಲಿ ಕಣ್ಣಿಗೆ ಬಿದ್ದೊಡನೆ, ಬಿದ್ದ ಆ ಕ್ಷಣದಲ್ಲಿ ಅದು ಎಲ್ಲಿ ನಿಂತಿತ್ತೋ ಆ ಎಡೆಗೆ ದೂರವನ್ನೂ ಕೋನವನ್ನೂ ಅಳೆದು, ಜಾತಿಯನ್ನೂ ಹಿಂಡಿನ ಸಂಖ್ಯೆಯನ್ನೂ ಬರೆದು, ಮತ್ತೆ ಮುಂದೆ ನಡೆಯತಕ್ಕದ್ದು. ನಮ್ಮ ಸುಳಿವರಿತು ಹಿಂಡು ಓಡಿದ ಬಳಿಕ ಅಳೆದರೆ, ಗೆರೆಯ ಸಮೀಪದಲ್ಲಿ ಪ್ರಾಣಿಗಳೇ ಇರಲಿಲ್ಲವೆಂಬ ಸುಳ್ಳನ್ನು ಹಾಳೆಯ ಮೇಲೆ ಬರೆದಂತಾಗುತ್ತದೆ.

ಈ ಅಳತೆಯ ಹಿಂದಿರುವ ತತ್ತ್ವ ಸರಳವಾದುದೂ ಸುಂದರವಾದುದೂ ಆಗಿದೆ. ಗೆರೆಯ ಮೇಲೆಯೇ ಇರುವ ಪ್ರಾಣಿ ನಮ್ಮ ಕಣ್ಣು ತಪ್ಪಿಸುವುದಿಲ್ಲ. ಗೆರೆಯಿಂದ ದೂರ ಹೋದಂತೆಲ್ಲ ಕಾಣುವವುಗಳ ಸಂಖ್ಯೆ ಇಳಿಯುತ್ತದೆ. ಇದಕ್ಕೆ ಕಾರಣ ದೂರದಲ್ಲಿ ಪ್ರಾಣಿಗಳು ಕಡಮೆಯೆಂಬುದಲ್ಲ, ಗಿಡಮರಗಳು ಅವನ್ನು ಮರೆಮಾಡುತ್ತವೆಂಬುದು. ಈ ಇಳಿತ ಎಷ್ಟು ಶೀಘ್ರವಾದುದೆಂಬುದನ್ನು ತಿಳಿದರೆ, ಕಾಣದೆ ಉಳಿದ ಪಾಲು ಎಷ್ಟೆಂಬುದನ್ನು ಗಣಿತ ತಿಳಿಸುತ್ತದೆ. ಹುಲ್ಲು ಹಬ್ಬಿದ ಹಡ್ಲಿನಲ್ಲಿ ಕಾಣುವವುಗಳ ಸಂಖ್ಯೆ ಮೆಲ್ಲನೆ ಇಳಿಯುತ್ತದೆ, ಲಂಟಾನ ಮುಸುಕಿದ ಕಡೆ ಥಟ್ಟನೆ.

ಅರಣ್ಯಪ್ರಿಯನಿಗೆ ಇದರಲ್ಲಿ ಅತ್ಯಂತ ಕಠಿನವಾದುದು ಗೆರೆಯನ್ನು ಬಿಡದಿರುವ ಸಂಯಮ. ಬಲಗಡೆ ಭೀಮರಾಜ ಯಾವುದೋ ಹಕ್ಕಿಯ ದನಿಯನ್ನು ಅನುಕರಿಸುತ್ತಿರುತ್ತದೆ, ಎಡಗಡೆಯ ಪೊದೆಯಲ್ಲಿ ಕಾಡುಕುರಿ ಯಾವುದನ್ನೋ ಕಂಡು ಬೊಗಳುತ್ತಿರುತ್ತದೆ. ಕಾಲು ಅತ್ತ ಎಳೆದರೂ ಹೋಗುವಂತಿಲ್ಲ. ಜೊತೆಯಲ್ಲಿ ಹಾಡಿಯ ಜೇನುಕುರುಬರೊಬ್ಬರು ಇದ್ದರೆ ಅದು ಭಾಗ್ಯವೆಂದೇ ತಿಳಿಯಬೇಕು. ಕಾಟಿಯ ಬೆನ್ನಿಗೂ ಮರದ ನೆರಳಿಗೂ ಇರುವ ಭೇದವನ್ನು ಅವರ ಕಣ್ಣು ಹಿಡಿಯುವ ವೇಗಕ್ಕೆ ಯಾವ ವಿದ್ಯಾಲಯದ ಶಿಕ್ಷಣವೂ ಸಮನಲ್ಲ. ಒಂದು ಪ್ರಾಣಿಯೂ ಕಾಣದೆ ಕಳೆದ ಬೆಳಗಿನ ಖಾಲಿ ಹಾಳೆಯನ್ನೂ, ನೂರು ಜಿಂಕೆಗಳ ಹಾಳೆಯೊಡನೆ ಅದೇ ಗೌರವದಿಂದ ಕಡತಕ್ಕೆ ಸೇರಿಸುತ್ತಾರೆ. ಕ್ಷೇತ್ರವಿಜ್ಞಾನದ ಶೀಲವನ್ನು ನಾನು ಅಳೆಯುವುದು ಆ ಖಾಲಿ ಹಾಳೆಯಿಂದ.

ಜಿಂಕೆಗಾಗಿ ಇಷ್ಟು ಶ್ರಮವೇಕೆಂದರೆ, ಕಾಡಿನಲ್ಲಿ ಎಷ್ಟು ಹುಲಿಗಳು ಬಾಳಬಲ್ಲವೆಂಬ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಆಹಾರವಾಗಬೇಕು; ಹುಲಿ ತನ್ನ ಬೇಟೆಯ ಮೊತ್ತದಲ್ಲಿ ವರ್ಷಕ್ಕೆ ಹತ್ತರಲ್ಲೊಂದು ಪಾಲನ್ನಷ್ಟೇ ತೆಗೆಯುವುದರಿಂದ, ಒಂದೊಂದು ಹುಲಿಯ ಹಿಂದೆಯೂ ಸುಮಾರು 500 ಪ್ರಾಣಿಗಳು ಕಾಡಿನಲ್ಲಿರಬೇಕಾಗುತ್ತದೆ. ಅದು ತಿಂದುದೇನೆಂಬುದನ್ನು ತಿಳಿಯಲು ದಾರಿಯಲ್ಲಿ ಬಿದ್ದ ಮಲವನ್ನು ಆಯ್ದು, ತೊಳೆದು, ಒಣಗಿಸಿ, ಉಳಿದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಇದು ಹೇಸುವ ಕೆಲಸವೆನ್ನುವವರು ಅದರ ಫಲವನ್ನು ನೋಡಬೇಕು: ನಾಗರಹೊಳೆಯಲ್ಲಿ ಹುಲಿಯ ಬೇಟೆಯ ಸರಾಸರಿ ತೂಕ ಸುಮಾರು 91 ಕಿಲೋ, ಸೀಳುನಾಯಿಯದು 43, ಚಿರತೆಯದು 38. ಮೂರು ಹಿರಿಯ ಮಾಂಸಾಹಾರಿಗಳು ಒಂದೇ ಕಾಡಿನಲ್ಲಿ ಹೇಗೆ ಬಾಳುತ್ತವೆಂಬ ಪ್ರಶ್ನೆಗೆ, ಕೂದಲೆಳೆಗಳಿಂದ ಬಂದ ಈ ಅಂಕಿಗಳು ಬಹಳಷ್ಟು ಉತ್ತರ ಕೊಡುತ್ತವೆ.

ಹುಲಿಯನ್ನೇ ಎಣಿಸಲು ಹಿಂದೆ ಹೆಜ್ಜೆಗುರುತಿನ ಪದ್ಧತಿಯಿತ್ತು. 1972ರ ಗಣತಿ ಅದನ್ನು ನಂಬಿಯೇ ದೇಶದಲ್ಲಿ 1,827 ಹುಲಿಗಳಿವೆಯೆಂದಿತು. ನೆಲ ಮೆದುವಾದರೆ ಹೆಜ್ಜೆ ಹಿಗ್ಗುತ್ತದೆ, ಗಟ್ಟಿಯಾದರೆ ಕುಗ್ಗುತ್ತದೆ. ಒಂದು ಹೆಜ್ಜೆ ಇಂಥದೇ ಹುಲಿಯದೆಂದು ಗುರುತಿಸುವ ಸಾಮರ್ಥ್ಯ ಅದನ್ನು ಅಳೆಯುವವರಿಗೆ ಇದ್ದಿತೆಂಬುದನ್ನು ಯಾರೂ ಸ್ಥಾಪಿಸಿರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಹೆಜ್ಜೆ ಸಿಕ್ಕದ ಹುಲಿಗೆ ಆ ಲೆಕ್ಕದಲ್ಲಿ ಸ್ಥಳವೇ ಇರಲಿಲ್ಲ. ಕಾರಂತರು ದಾರಿಯ ಎರಡು ಪಕ್ಕದಲ್ಲೂ ಎದುರುಬದುರಾಗಿ ಕ್ಯಾಮೆರಾಗಳನ್ನು ಕಟ್ಟಿದರು. ಒಂದೊಂದು ಹುಲಿಯನ್ನೂ ಗುರುತಿಸುವುದು ಅದರ ಪಟ್ಟೆಗಳಿಂದ; ಎಡಮೈಯ ಪಟ್ಟೆ ಬಲಮೈಯದರಂತಿರದೆ ಇರುವುದರಿಂದ ಎರಡೂ ಚಿತ್ರಗಳು ಬೇಕು. ಒಮ್ಮೆ ಸಿಕ್ಕ ಹುಲಿ ಮತ್ತೆ ಮತ್ತೆ ಎಷ್ಟು ಸಲ ಸಿಗುತ್ತದೆಂಬುದರಿಂದ, ಒಮ್ಮೆಯೂ ಸಿಗದವುಗಳನ್ನು ಅಂದಾಜು ಮಾಡಬಹುದು. ಈ ವಿಧಾನದ ವಿವರಣೆ 1995ರಲ್ಲಿ ಪ್ರಕಟವಾಯಿತು. ಆನೆಗಳು ಆ ಯಂತ್ರಗಳನ್ನು ಕಿತ್ತೆಸೆಯುವುದುಂಟು. ಮರಳಿ ಕಟ್ಟುವುದೂ ದಿನಚರಿಯ ಒಂದು ಭಾಗವೇ.

2022ರ ಗಣತಿಯಲ್ಲಿ ನಮ್ಮ ರಾಜ್ಯಕ್ಕೆ 563 ಹುಲಿಗಳೆಂದೂ, ದೇಶಕ್ಕೆ ಸರಾಸರಿ 3,682 ಎಂದೂ, ಮೇಲ್ಮಿತಿ 3,925 ಎಂದೂ ಹೇಳಲಾಯಿತು. ಆ ಮಿತಿಯ ಮಾತನ್ನು ಓದುಗರು ಹಾರಿಸಿ ಓದುವುದೇ ಹೆಚ್ಚು; ಮುಂದಿನ ಗಣತಿಯ ಸುದ್ದಿ ಬಂದಾಗ ದಯವಿಟ್ಟು ಹಾಗೆ ಮಾಡಬೇಡಿ. ಕಾಡಿನಲ್ಲಿ ನಡೆದವರು ತಮಗೆ ಕಾಣದುದಕ್ಕೆ ಸಲ್ಲಿಸಿದ ಲೆಕ್ಕ ಇರುವುದು ಅಲ್ಲಿಯೇ. ಮಿತಿಯನ್ನು ಹೇಳದೆ ಒಂದೇ ಅಂಕಿಯನ್ನು ಮುಂದಿಡುವವರನ್ನು, ಅವರು ಯಾರೇ ಆಗಿರಲಿ, ಅದು ಹೇಗೆ ದೊರೆಯಿತೆಂದು ಕೇಳಿ.