ಬಿರ್ಕೆನಾವ್‌ನಲ್ಲಿ ಕಟ್ಟದೇ ಬಿಟ್ಟದ್ದು

ಪೋಲೆಂಡಿನ ಆಶ್ವಿಟ್ಜ್ ನಾಜಿ ಶಿಬಿರದ ಸ್ಮಾರಕದ ಐದನೇ ಬ್ಲಾಕಿನಲ್ಲಿ ಗಾಜಿನಾಚೆ ಸೂಟ್‌ಕೇಸುಗಳ ರಾಶಿಯಿದೆ. ಚರ್ಮ ಬಿರಿದಿದೆ, ಬೀಗಕ್ಕೆ ತುಕ್ಕು ಹಿಡಿದಿದೆ. ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆದ ಹೆಸರು, ಊರು, ಹುಟ್ಟಿದ ವರ್ಷ ಮಾತ್ರ ಇನ್ನೂ ಓದಲು ಬರುತ್ತವೆ. ಸಾಮಾನು ವಾಪಸ್ಸು ಸಿಗುತ್ತದೆಂದು ಅವುಗಳ ಒಡೆಯರನ್ನು ನಂಬಿಸಲಾಗಿತ್ತು. ಇಲ್ಲಿ ಸತ್ತ ಸುಮಾರು 11 ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಯಹೂದಿಗಳು. ಆ ಅಂಕಿಯ ಮುಂದೆ ಮನಸ್ಸು ಮರಗಟ್ಟುತ್ತದೆ; ಆ ಕೈಬರಹದ ಮುಂದೆ ಕಾಲು ಮುಂದಕ್ಕೆ ಹೋಗುವುದಿಲ್ಲ.

ನಾಲ್ಕನೇ ಬ್ಲಾಕಿನಲ್ಲಿ ಸುಮಾರು ಎರಡು ಟನ್ ತಲೆಗೂದಲಿದೆ. ಅಲ್ಲಿ ಫೋಟೊ ತೆಗೆಯುವಂತಿಲ್ಲ. ಬೂಟು, ಪೆಟ್ಟಿಗೆಗಳಿಗೆ ರಾಸಾಯನಿಕ ಚಿಕಿತ್ಸೆ ಮಾಡುವ ಮ್ಯೂಸಿಯಂ, ಕೂದಲನ್ನು ಮಾತ್ರ ಮುಟ್ಟುವುದಿಲ್ಲ. ಅದು ಮನುಷ್ಯರ ದೇಹದ ಭಾಗ, ತಾನಾಗಿ ಮಣ್ಣಾಗಲಿ ಎಂಬ ನಿಲುವು. ನನಗೆ ಇದು ತುಂಬ ಸರಿ ಎನಿಸುತ್ತದೆ.

ತಕರಾರಿರುವುದು ಮೊದಲ ಶಿಬಿರದ ಗ್ಯಾಸ್ ಚೇಂಬರಿನ ಬಗ್ಗೆ. ಯುದ್ಧದ ನಡುವೆಯೇ ನಾಜಿಗಳು ಅದನ್ನು ಬಾಂಬ್ ದಾಳಿಯ ಆಶ್ರಯತಾಣವಾಗಿ ಬದಲಿಸಿದ್ದರು. ಯುದ್ಧ ಮುಗಿದ ಮೇಲೆ ಚಿಮಣಿಯನ್ನೂ ಕುಲುಮೆಗಳನ್ನೂ ಮತ್ತೆ ಕಟ್ಟಲಾಯಿತು. ಸದುದ್ದೇಶವೇ ಇತ್ತು, ನಿಜ. ಆದರೆ ಸಾಲಿನಲ್ಲಿ ಸರಸರನೆ ದಾಟುವವರಿಗೆ ಯಾವುದು ಮೂಲದ್ದು, ಯಾವುದು ಆಮೇಲಿನದು ಎಂದು ಬಿಡಿಸಿ ನೋಡಲಾಗದು. ನರಮೇಧವೇ ನಡೆದಿಲ್ಲ ಎನ್ನುವ ಸುಳ್ಳುಗಾರರು ಜೋತುಬಿದ್ದದ್ದೂ ಈ ಮರುನಿರ್ಮಾಣಕ್ಕೇ.

ಮೂರು ಕಿಲೋಮೀಟರ್ ಆಚೆಯ ಎರಡನೇ ಶಿಬಿರ ಬಿರ್ಕೆನಾವ್‌ನಲ್ಲಿ ಆ ತಪ್ಪು ಆಗಿಲ್ಲ. 1945ರ ಜನವರಿಯಲ್ಲಿ ನಾಜಿಗಳ ಎಸ್‌ಎಸ್ ಪಡೆ ಸಾಕ್ಷ್ಯ ಅಳಿಸಲು ಸ್ಫೋಟಿಸಿದ ಗ್ಯಾಸ್ ಚೇಂಬರುಗಳ ಕಾಂಕ್ರೀಟು ಚಾವಣಿ ಮುರಿದು ಬಿದ್ದಂತೆಯೇ ಇದೆ. ಕೊಂದದ್ದಕ್ಕೂ, ಕೊಂದದ್ದನ್ನು ಮುಚ್ಚಿಡಲು ನೋಡಿದ್ದಕ್ಕೂ ಅದೇ ಸಾಕ್ಷಿ. ಹಾಗೆಂದು ಸುಮ್ಮನೆ ಬಿಟ್ಟರೆ ಉಳಿಯುವುದೂ ಇಲ್ಲ: ಜೌಗು ನೆಲದ ಮೇಲಿನ ಇಟ್ಟಿಗೆ ಬ್ಯಾರಕ್ಕುಗಳ ಗೋಡೆಗಳು ವಾಲುತ್ತವೆ, ಅವನ್ನು ಒಂದೊಂದಾಗಿ ನಿಲ್ಲಿಸಿಕೊಳ್ಳಬೇಕು. 2009ರಲ್ಲಿ ಪ್ರತಿಷ್ಠಾನವೊಂದನ್ನು ಕಟ್ಟಿ ಹಣ ಕೂಡಿಸಿದ್ದು ಇದಕ್ಕೇ.

ಬೇಸರವೆಂದರೆ ಅವಸರ. 2019ರಲ್ಲಿ ಬಂದವರು 20 ಲಕ್ಷಕ್ಕೂ ಹೆಚ್ಚು. ಗೈಡ್ ಜೊತೆಗಿನ ಸಾಮಾನ್ಯ ಸುತ್ತು ಮೂರೂವರೆ ಗಂಟೆಯದು. ಇಕ್ಕಟ್ಟಿನ ಕಾರಿಡಾರುಗಳಲ್ಲಿ ಹಿಂದಿನ ಗುಂಪು ಮುಂದಿನದನ್ನು ತಳ್ಳುತ್ತದೆ. ಕೊನೆಗೆ ಕತ್ತರಿ ಬೀಳುವುದು ಬಿರ್ಕೆನಾವ್‌ಗೆ. ಹತ್ತಿರದ ಕ್ರಾಕೋವ್ ನಗರದ ಟೂರ್ ಕಂಪನಿಗಳು ಆಶ್ವಿಟ್ಜ್ ಅನ್ನೂ ವಿಯೆಲಿಚ್ಕಾದ ಉಪ್ಪಿನ ಗಣಿಯನ್ನೂ ಒಂದೇ ದಿನದ ಪ್ಯಾಕೇಜಿನಲ್ಲಿ ಮಾರುತ್ತವೆ. ದಯವಿಟ್ಟು ಅದನ್ನು ಕೊಳ್ಳಬೇಡಿ. ಮ್ಯೂಸಿಯಮ್ಮಿನದೇ ಆರು ಗಂಟೆಯ ಅಧ್ಯಯನ ಪ್ರವಾಸವಿದೆ. ಗಣಿಯನ್ನು ಮರುದಿನ ನೋಡಬಹುದು.