ವರ್ಬಿನಾ ತೂಗುವ ಗಿಡವಲ್ಲ

ಕಳೆದ ವಾರ ಮಾತು ಕೊಟ್ಟಂತೆ ಇಂದು ತೂಗುಕುಂಡದ ಮಣ್ಣನ್ನು ಹದ ಮಾಡುವ ಬಗೆ ಬರೆಯಬೇಕಿತ್ತು. ಅದಕ್ಕೆಂದೇ ಭಾನುವಾರ ಬೆಳಿಗ್ಗೆ ಬಾಲ್ಕನಿಯ ತೂಗುಕುಂಡ ಇಳಿಸಿ ವರ್ಬಿನಾ ನೋಡಿದೆ. ನಡುವೆ ಒಣಗಿದ ಕಡ್ಡಿಗಳ ಗೂಡು, ತುದಿಗಳಲ್ಲಿ ಮಾತ್ರ ಒಂದು ಹಿಡಿ ಎಲೆ. ಇದೇ ಗಿಡದಿಂದ ಮುರಿದುಬಿದ್ದ ಕಡ್ಡಿಯೊಂದನ್ನು ಹೋದ ವರ್ಷ ಮೆಟ್ಟಿಲ ಬದಿಯ ಪಾತಿಗೆ ಊರಿದ್ದೆ. ಅದು ಈಗ ಚಾಪೆ ಹಾಸಿದಂತೆ ಹಬ್ಬಿದೆ. ತಾಯಿಗಿಡ ಒಂದೇ, ನೀರು ಒಂದೇ, ಆರೈಕೆ ಮಾಡಿದ ಕೈಯೂ ಒಂದೇ. ಮಣ್ಣಿನ ಹದ ಮುಂದಿನ ವಾರಕ್ಕಿರಲಿ. ಈ ವಾರ ನೆಲದ ಪರವಾಗಿ ಮಾತಾಡಬೇಕು.

ಹಬ್ಬುವ ವರ್ಬಿನಾದ ಒಂದು ಕವಲನ್ನು ಮೆಲ್ಲಗೆ ಎತ್ತಿ ನೋಡಿ. ಗೆಣ್ಣು ತೇವದ ಮಣ್ಣಿಗೆ ತಾಗಿದ ಕಡೆಯೆಲ್ಲ ಬೇರು ಇಳಿದಿರುತ್ತದೆ. ಮುಂದಕ್ಕೆ ಹರಿದಷ್ಟೂ ಹೊಸ ಬೇರು, ಹೊಸ ಬೇರಿನಿಂದ ಹೊಸ ಚಿಗುರು, ಚಿಗುರಿನ ತುದಿಯಲ್ಲಿ ಹೂಗೊಂಚಲು. ದಕ್ಷಿಣ ಅಮೆರಿಕದ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆಗಳ ಬಯಲಿನಿಂದ ಬಂದ ಈ ಗಿಡ ಬಾಳುವ ರೀತಿಯೇ ಅದು. ಹಳೆಯ ಬುಡ ಸೊರಗಿದರೂ ಆಚೆ ನಾಲ್ಕು ಕಡೆ ಅದು ಬೇರು ಬಿಟ್ಟಿರುತ್ತದೆ. ತೂಗುಕುಂಡದಲ್ಲಿ ಗೆಣ್ಣುಗಳೆಲ್ಲ ಗಾಳಿಗೆ ನೇತಾಡುತ್ತವೆ. ಎರಡಡಿ ಇಳಿದ ಕವಲಿಗೂ ಅನ್ನ ನೀರು ಬರಬೇಕಾದದ್ದು ನಡುವಿನ ಮುಷ್ಟಿಯಷ್ಟು ಬೇರಿನಿಂದ. ಆ ಬೇರು ಸೋತ ದಿನ ಇಡೀ ಗಿಡ ಸೋತಂತೆ.

ತೂಗುಕುಂಡದ ಪಕ್ಷದವರೊಡನೆ ನನ್ನ ವಾದ ಹಳೆಯದು. ಮೇಲೆ ಗಾಳಿಯಾಡುತ್ತದೆ, ಬೂದಿ ರೋಗ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಾರೆ. ಗಾಳಿಯ ಮಾತು ನಿಜ. ಆದರೆ ಬೂದಿ ರೋಗಕ್ಕೆ ದಾರಿ ಮಾಡಿಕೊಡುವುದು ನೆಲವಲ್ಲ, ನೆರಳು ಮತ್ತು ಇಕ್ಕಟ್ಟು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟು, ದಿನಕ್ಕೆ ಆರು ಗಂಟೆ ಬಿಸಿಲು ಬೀಳುವಲ್ಲಿ ನೆಟ್ಟು, ಬೆಳಗ್ಗೆ ಬುಡಕ್ಕಷ್ಟೇ ನೀರುಣಿಸಿದರೆ ಪಾತಿಯಲ್ಲೂ ಎಲೆ ಸ್ವಚ್ಛವಾಗಿರುತ್ತದೆ. ಬೇಸಿಗೆಯಲ್ಲಿ ಕಾದು ಒಣಗುವ ತೂಗುಕುಂಡಕ್ಕೋ ಬೂದಿ ರೋಗದ ಬದಲು ಜೇಡ ನುಸಿ ಬರುತ್ತದೆ. ಎಲೆಯಡಿ ಬಲೆ ಕಟ್ಟಿ ರಸ ಹೀರುವ ಅದನ್ನು ಓಡಿಸುವುದು ಬೂದಿ ರೋಗಕ್ಕಿಂತ ಕಷ್ಟ.

ನೆಲದ ಪರವಾಗಿ ನಾನು ಮತ್ತೆ ಮತ್ತೆ ಹೇಳುವ ಸಾಕ್ಷಿ ‘ಹೋಮ್‌ಸ್ಟೆಡ್ ಪರ್ಪಲ್’ ಎಂಬ ವರ್ಬಿನಾ ತಳಿ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ತೋಟಗಾರಿಕೆ ಪ್ರಾಧ್ಯಾಪಕರಾಗಿದ್ದ ಅಲನ್ ಆರ್ಮಿಟೇಜ್ ಮತ್ತು ಮೈಕೆಲ್ ಡರ್ ಇದನ್ನು ಕಂಡದ್ದು ಅದೇ ರಾಜ್ಯದ ಒಂದು ಹಳೆಯ ಮನೆಯ ಬಳಿ. ಹೆಸರು ಬಂದದ್ದೂ ಆ ಮನೆಯಿಂದಲೇ. ಪ್ರಯೋಗಶಾಲೆಯಲ್ಲಿ ಹುಟ್ಟದೆ ಮಣ್ಣಿನಲ್ಲಿ ತಾನೇ ಗಟ್ಟಿಯಾಗಿ ಹಬ್ಬಿಕೊಂಡಿದ್ದ ಗಿಡ ಲೋಕದ ತೋಟಗಳಿಗೆ ಹರಡಿತು.

ಇಷ್ಟು ಬರೆದು ಸಂಜೆ ಕೆರೆ ಏರಿಯ ಮೇಲೆ ನಡೆಯಲು ಹೋದೆ. ಅಲ್ಲಿ ಕಾಲಡಿಗೆ ಸಿಕ್ಕಿತು ನೆಲಹಿಪ್ಪಲಿ. ನಮ್ಮ ಕೆರೆ, ಗದ್ದೆಬದುಗಳ ತೇವದಲ್ಲಿ ಹರಿದಾಡುವ, ಗುಂಡಿಯಷ್ಟು ಹೂದಲೆಯ ಈ ಪುಟ್ಟ ಬಳ್ಳಿ ವರ್ಬಿನಾದ ಕುಟುಂಬಕ್ಕೇ ಸೇರಿದ್ದು. ಕಾಡು ನುಂಗುತ್ತಿರುವ ಲಂಟಾನವೂ ಅದೇ ಕುಟುಂಬ. ನೆಲಹಿಪ್ಪಲಿಯ ಒಂದು ಎಳೆ ಕೀಳಲು ಹೋದರೆ ಗೆಣ್ಣು ಗೆಣ್ಣಿಗೂ ಬೇರು ಪಟಪಟನೆ ಬಿಡುತ್ತಾ ಬರುತ್ತದೆ. ದನ ತುಳಿದರೂ, ಜನ ತುಳಿದರೂ ಅದು ಉಳಿದಿರುವುದು ಆ ಬೇರುಗಳಿಂದ. ಬೇಕಾದ ತೇವ ಬೇರೆ: ನೆಲಹಿಪ್ಪಲಿ ಕೆಸರಿಗೂ ಸೈ, ವರ್ಬಿನಾಕ್ಕೆ ನೀರು ನಿಂತರೆ ಬುಡ ಕೊಳೆಯುತ್ತದೆ. ನೆಲ ಹಿಡಿಯುವ ಗುಣ ಮಾತ್ರ ಎರಡಕ್ಕೂ ಒಂದೇ. ವರ್ಬಿನಾ ಬೆಳೆಸುವವರು ಒಮ್ಮೆ ಕೆರೆ ಏರಿಯಲ್ಲಿ ಬಗ್ಗಿ ಈ ಬಳ್ಳಿ ನೋಡಬೇಕು. ನನಗೆ ಅದು ಪುಸ್ತಕಕ್ಕಿಂತ ಹೆಚ್ಚು ಕಲಿಸಿತು.

ಫ್ಲ್ಯಾಟಿನಲ್ಲಿ ನೆಲವೆಲ್ಲಿದೆ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಅಗಲವಾದ ಕುಂಡ. ಬಾಯಿ ಹದಿನಾಲ್ಕು ಇಂಚು, ಆಳ ಏಳೆಂಟು ಇಂಚು ಸಾಕು. ಗಿಡವನ್ನು ನಡುವೆ ನೆಟ್ಟು, ಕವಲುಗಳು ಅಂಚು ತಲುಪುವ ಮುನ್ನ ಮಣ್ಣಿನ ಮೇಲೆ ಬಾಗಿಸಿ. ತೆಂಗಿನ ಗರಿಯ ಕಡ್ಡಿಯನ್ನು ಎರಡಾಗಿ ಮಡಚಿ ಗೆಣ್ಣಿನ ಮೇಲೆ ಚುಚ್ಚಿ ಹಿಡಿಸಿ, ಗೆಣ್ಣು ಮುಚ್ಚುವಷ್ಟು ಎರೆಗೊಬ್ಬರ ಹಾಕಿ. ಮೂರು ವಾರದಲ್ಲಿ ಬೇರು ಕಚ್ಚುತ್ತದೆ. ಪ್ರತಿ ಕವಲೂ ಹೀಗೆ ಎರಡು ಕಡೆ ನೆಲ ಕಂಡ ಮೇಲೆ ಅಂಚಿನಿಂದ ಇಳಿಯಲು ಬಿಡಿ. ಜೋಲುವ ಚೆಲುವೂ ಸಿಕ್ಕಿತು, ಗಿಡವೂ ಉಳಿಯಿತು.

ಕತ್ತರಿಯ ಬಗ್ಗೆ ಹಳೆಯ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ, ಆದರೂ ನೆನಪಿಸುತ್ತೇನೆ. ಹೂವು ಇಳಿಮುಖವಾದಾಗ ಗಿಡದ ಕಾಲುಭಾಗ ಕತ್ತರಿಸಿ, ತೆಳುವಾಗಿ ಗೊಬ್ಬರದ ನೀರು ಕೊಡಿ. ಸಾರಜನಕ ಹೆಚ್ಚಾದರೆ ಎಲೆಯೇ ಸಂಭ್ರಮಿಸುತ್ತದೆ, ಹೂವಲ್ಲ. ಬೀಜದ ಗೋಜು ಬೇಡ. ಅದು ಕತ್ತಲು ಬೇಡುತ್ತದೆ, ನಿಧಾನಕ್ಕೆ ಮೊಳೆಯುತ್ತದೆ, ಅರ್ಧಕ್ಕರ್ಧ ಕೈಕೊಡುತ್ತದೆ. ಹೂ ಬಿಡದ ಎಳೆಯ ತುದಿಯನ್ನು ಮೂರು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿಗೆ ಊರಿದರೆ ತಾಯಿಯ ಬಣ್ಣವೇ ಬರುತ್ತದೆ.

ಮಳೆ ಹಿಂದೆಗೆಯುತ್ತಿದೆ, ಬೆಂಗಳೂರಿನ ಬಿಸಿಲು ಹದಕ್ಕೆ ಬಂದಿದೆ. ಕಡ್ಡಿ ಊರಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹದಿನೈದು ದಿನ ಸಿಗುವುದಿಲ್ಲ. ಈ ಭಾನುವಾರ ತೂಗುಕುಂಡ ಇಳಿಸಿ, ಹತ್ತು ಕಡ್ಡಿ ತೆಗೆದು, ಬಿಸಿಲು ಬೀಳುವ ಒಂದು ಪಾತಿಗೋ ಅಗಲದ ಕುಂಡಕ್ಕೋ ಊರಿ.