660 ಸಿಸಿಯ ಮೇಲೆ ಹೊರಿಸಿದ ಭಾರ

ಜಪಾನಿನ ಕೇ ಕಾರುಗಳನ್ನು ಹೊಗಳುವವರು ಅವುಗಳ ಅಳತೆಯಿಂದಲೇ ಮಾತು ಶುರುಮಾಡುತ್ತಾರೆ. ಹೆಚ್ಚೆಂದರೆ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎತ್ತರ 2 ಮೀಟರ್. ಎಂಜಿನ್ 660 ಸಿಸಿ ದಾಟುವಂತಿಲ್ಲ. ಶಕ್ತಿ 64 ಎಚ್‌ಪಿ ಮೀರಬಾರದೆಂದು ಕಂಪನಿಗಳು ತಮ್ಮತಮ್ಮಲ್ಲೇ ಒಪ್ಪಿಕೊಂಡಿವೆ. ಇಷ್ಟರೊಳಗೆ ನಾಲ್ಕು ಜನ ಆರಾಮಾಗಿ ಕೂರುತ್ತಾರೆ, ಎಸಿ ಇರುತ್ತದೆ, ಹಿಂದಿನ ಸೀಟು ಮಡಿಸಿದರೆ ಸೈಕಲ್ಲೂ ಹಿಡಿಸುತ್ತದೆ. ಈ ಜಾಣ್ಮೆಯನ್ನು ನಾನೂ ಮನಸಾರೆ ಮೆಚ್ಚುತ್ತೇನೆ. ಆದರೆ ಕಾರಿನ ಯೋಗ್ಯತೆ ಗೊತ್ತಾಗುವುದು ಹತ್ತು ವರ್ಷ ಓಡಿ ಗ್ಯಾರೇಜಿಗೆ ಬಂದಾಗ. ಚಿಕ್ಕ ಕಾರಿಗೆ ಚಿಕ್ಕ ಖರ್ಚು ಎಂಬ ಭರವಸೆ ಅಲ್ಲಿ ಅರ್ಧಕ್ಕರ್ಧ ಸುಳ್ಳಾಗುತ್ತದೆ.

ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. 1979ರಲ್ಲಿ 4,70,000 ಯೆನ್‌ಗೆ ಮಾರಾಟಕ್ಕೆ ಬಂದ ಸುಜುಕಿ ಆಲ್ಟೊ 600 ಕೆಜಿಗೂ ಕಡಿಮೆ ತೂಗುತ್ತಿತ್ತು. 1990ರಲ್ಲಿ ಎಂಜಿನ್ ಮಿತಿ 550ರಿಂದ 660 ಸಿಸಿಗೆ ಏರಿತು. ಅಪಘಾತದಲ್ಲಿ ಒಳಗಿದ್ದವರು ಬದುಕಬೇಕೆಂದು 1998ರಲ್ಲಿ ಬಾಡಿಯ ಉದ್ದಗಲ ಹೆಚ್ಚಿಸಿದರು, ಅದು ಆಗಬೇಕಾದದ್ದೇ. ಎಂಜಿನ್ ಮಾತ್ರ ಅಲ್ಲೇ ಉಳಿಯಿತು. ಇಂದಿನ ಹೋಂಡಾ ಎನ್-ಬಾಕ್ಸ್ ಸುಮಾರು 900 ಕೆಜಿ. ಬಾಡಿ ಬೆಳೆಯುತ್ತ ಹೋಯಿತು, ಅದನ್ನು ಎಳೆಯುವ ಮೂರು ಸಿಲಿಂಡರ್ ಮೂವತ್ತು ವರ್ಷದ ಹಿಂದಿನ ಗಾತ್ರದಲ್ಲೇ ನಿಂತಿತು. ಈ ಕಾರುಗಳ ದೊಡ್ಡ ರಿಪೇರಿಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ವಾದ.

ಮೊದಲು ಆಯಿಲ್ ವಿಚಾರ. ಕೇ ಎಂಜಿನ್‌ಗೆ ಹಿಡಿಸುವುದು ಮೂರು ಲೀಟರ್‌ಗೂ ಕಡಿಮೆ. ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿ.ಮೀ. ಹೋಗಬೇಕಾದರೆ ಹಳೆಯ ಆಟೊಮ್ಯಾಟಿಕ್ ವ್ಯಾನುಗಳು ನಾಲ್ಕೈದು ಸಾವಿರ ಆರ್‌ಪಿಎಂನಲ್ಲಿ ಕಿರುಚುತ್ತಲೇ ಇರಬೇಕು. ಟರ್ಬೊ ಇದ್ದರೆ ಅದರ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಅದನ್ನು ತಣ್ಣಗಿಡುವ ಕೆಲಸವೂ ಅದೇ ಮೂರು ಲೀಟರ್ ಆಯಿಲ್‌ನ ಪಾಲಿಗೆ. ಅರ್ಧ ಲೀಟರ್ ಸುಟ್ಟುಹೋದರೂ ಉಳಿದದ್ದರ ಮೇಲೆ ಹೊರೆ ಬೀಳುತ್ತದೆ. ಓಡಿಸಿ ಬಂದ ಕೂಡಲೇ ಎಂಜಿನ್ ಆಫ್ ಮಾಡಿದರೆ ಶಾಫ್ಟಿನ ಸುತ್ತ ನಿಂತ ಆಯಿಲ್ ಸುಟ್ಟು ಕಪ್ಪು ಹೆಕ್ಕಳೆಯಾಗಿ ಕೂರುತ್ತದೆ. ಬರಬರುತ್ತ ಆ ಹೆಕ್ಕಳೆ ಆಯಿಲ್ ಬರುವ ಸಣ್ಣ ದಾರಿಯನ್ನೇ ಮುಚ್ಚುತ್ತದೆ. ಆಮೇಲೆ ಸೈಲೆನ್ಸರ್‌ನಿಂದ ನೀಲಿ ಹೊಗೆ, ಟರ್ಬೊದಿಂದ ಸೀಟಿಯಂಥ ಸದ್ದು. ಟರ್ಬೊ ಕಾರಿಗೆ 5,000 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸಬೇಕು. ಹಾಗಿದ್ದರೂ ಎರಡು ವರ್ಷಕ್ಕೊಮ್ಮೆ ಬರುವ ಶಾಕೆನ್ ತಪಾಸಣೆಯ ತನಕ ಬಾನೆಟ್ ಎತ್ತದವರು ಬಹಳ. ಕೆಲವು ಸಾವಿರ ಯೆನ್‌ನ ಆಯಿಲ್ ಉಳಿಸಿದವರು ರೀಬಿಲ್ಟ್ ಟರ್ಬೊ ಮತ್ತು ಕೂಲಿ ಸೇರಿ ಲಕ್ಷ ಯೆನ್ ಆಸುಪಾಸು ತೆರುತ್ತಾರೆ. ತಪ್ಪು ಅವರದೊಂದೇ ಅಲ್ಲ. ಖರ್ಚೇ ಇಲ್ಲದ ಕಾರು ಎಂದು ಹೇಳಿ ಮಾರಿದವರ ಪಾಲೂ ಅದರಲ್ಲಿದೆ.

ಟೈಮಿಂಗ್ ಬೆಲ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಜುಕಿಯ ಕೆ6ಎ ಎಂಜಿನ್‌ಗೆ ಚೈನ್ ಬಂತು, ಅದು ಒಳ್ಳೆಯ ನಿರ್ಧಾರ. ಹೋಂಡಾ ಆಕ್ಟಿ, ಸುಬಾರು ಸಾಂಬಾರ್‌ನಂಥ ಹಳೆಯ ಸರಕು ಗಾಡಿಗಳಲ್ಲಿ ಬೆಲ್ಟೇ ಇತ್ತು. ಲಕ್ಷ ಕಿ.ಮೀ.ಗೆ ಬೆಲ್ಟ್ ಬದಲಿಸಬೇಕು, ಅದರ ಜೊತೆ ವಾಟರ್ ಪಂಪನ್ನೂ. ಬದಲಿಸಿದ ಗ್ಯಾರೇಜಿನವರು ದಿನಾಂಕ, ಕಿಲೋಮೀಟರ್ ಬರೆದ ಚೀಟಿಯನ್ನು ಎಂಜಿನ್ ಹತ್ತಿರ ಅಂಟಿಸಿಹೋಗುತ್ತಾರೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ಹುಡುಕಬೇಕಾದದ್ದು ಆ ಚೀಟಿಯನ್ನೇ.

ನನ್ನ ದೊಡ್ಡ ತಕರಾರು ಸಿವಿಟಿ ಗೇರ್‌ಬಾಕ್ಸ್ ಮೇಲೆ. ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟೊಂದನ್ನು ಓಡಿಸಿ ಸಣ್ಣ ಎಂಜಿನ್‌ನಿಂದ ಮೈಲೇಜ್ ಹಿಂಡುವ ಈ ಉಪಾಯ ಹಗುರವಾದ ಕಾರಿಗೆ ಹೇಳಿಮಾಡಿಸಿದ್ದು. ಎತ್ತರದ ಬಾಡಿ, ಜಾರುವ ಬಾಗಿಲು, ತುಂಬಿದ ಸಂಸಾರ ಎಲ್ಲವನ್ನೂ ಏರುದಾರಿಯಲ್ಲಿ ಎಳೆಯುವಾಗ ಅದರ ಫ್ಲೂಯಿಡ್ ಕಾದು ಸತ್ವ ಕಳೆದುಕೊಳ್ಳುತ್ತದೆ. ಸಿಗ್ನಲ್ ಬಿಟ್ಟು ಹೊರಡುವಾಗ ಕಾರು ಗಡಗಡ ನಡುಗಿದರೆ ಅದು ಮೊದಲ ಸೂಚನೆ. ಆಗಲೇ ಫ್ಲೂಯಿಡ್ ಬದಲಿಸಿದರೆ ಕೆಲವು ಕಾರು ಉಳಿದುಕೊಳ್ಳುತ್ತವೆ. ಕೆಟ್ಟೇಹೋದರೆ ಸಾಮಾನ್ಯ ಗ್ಯಾರೇಜು ಅದನ್ನು ಬಿಚ್ಚುವುದಿಲ್ಲ, ಇಡೀ ಗೇರ್‌ಬಾಕ್ಸನ್ನೇ ಬದಲಿಸುತ್ತದೆ. ರೀಬಿಲ್ಟ್ ಹಾಕಿಸಿದರೂ ಬಿಲ್ಲು ಎರಡು ಲಕ್ಷ ಯೆನ್ ದಾಟುವುದುಂಟು. ಹತ್ತು ಹನ್ನೆರಡು ವರ್ಷದ ಕಾರಿಗೆ ಅಷ್ಟು ಬೆಲೆಯೇ ಇರುವುದಿಲ್ಲ. ಬಿಚ್ಚಿ ಸರಿಮಾಡಲಾಗದ ಭಾಗವನ್ನು ಬಡವರ ಕಾರಿಗೆ ಕೊಡುವುದನ್ನು ನಾನು ಒಳ್ಳೆಯ ವಿನ್ಯಾಸ ಎನ್ನಲಾರೆ.

ಇದಕ್ಕೆ ತದ್ವಿರುದ್ಧ ಸುಜುಕಿಯ ಕೇ ಜೀಪು ಜಿಮ್ನಿ, ಅದರಲ್ಲೂ 1998ರ ಜೆಬಿ23 ಮಾದರಿ. ಗಂಟೆಗೆ ಅರವತ್ತು ಎಪ್ಪತ್ತು ಕಿ.ಮೀ.ನಲ್ಲಿ ಒಂದು ಹಳ್ಳ ಬಡಿದರೆ ಸಾಕು, ಸ್ಟೇರಿಂಗ್ ಕೈಯಲ್ಲಿ ನಿಲ್ಲದಷ್ಟು ಅದರ ಮುಂದಿನ ಚಕ್ರಗಳು ಅದುರುತ್ತವೆ. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಬಿಚ್ಚಿ ನೋಡಿದರೆ ಕಿಂಗ್‌ಪಿನ್ ಬೇರಿಂಗ್ ಸವೆದಿರುತ್ತದೆ, ಸೀಲ್ ಹರಿದು ಗ್ರೀಸ್ ಸೋರಿರುತ್ತದೆ, ಲ್ಯಾಟರಲ್ ರಾಡಿನ ಬುಷ್ ಸಡಿಲಾಗಿರುತ್ತದೆ. ಸ್ಟೇರಿಂಗ್ ಡ್ಯಾಂಪರ್ ಒಂದನ್ನೇ ಗಟ್ಟಿಯಾದದ್ದು ಹಾಕಿ ಕಳಿಸುವ ಗ್ಯಾರೇಜುಗಳಿವೆ; ಅದು ರೋಗ ಮುಚ್ಚುವ ಕೆಲಸ. ಆದರೆ ಇಲ್ಲಿ ಎಲ್ಲ ಭಾಗವೂ ಬಿಡಿಯಾಗಿ ಸಿಗುತ್ತದೆ, ತಿಳಿದವರು ಒಂದೊಂದಾಗಿ ಸರಿಮಾಡಬಹುದು. ಸದ್ದುಮಾಡಿ ತನ್ನ ನೋವು ಹೇಳುವ, ಬಿಚ್ಚಿದರೆ ಗುಣವಾಗುವ ಇಂಥ ಕಾರೇ ನನ್ನ ದೃಷ್ಟಿಯಲ್ಲಿ ಮೇಲು. ಅದರ ನಿಜವಾದ ಶತ್ರು ತುಕ್ಕು: ಹಿಮ ಬೀಳುವ ಹೊಕ್ಕೈಡೊ, ತೊಹೊಕು ಕಡೆ ರಸ್ತೆಗೆ ಸುರಿಯುವ ಉಪ್ಪು ಚಾಸಿಯನ್ನೇ ತಿಂದುಹಾಕುತ್ತದೆ, ಅದಕ್ಕೆ ವೆಲ್ಡಿಂಗ್ ಬಿಟ್ಟರೆ ಮದ್ದಿಲ್ಲ.

ಎಂಜಿನ್‌ಗೆ ಸ್ವಲ್ಪ ಉಸಿರು ಬಿಟ್ಟುಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ ನಮ್ಮ ಊರುಗಳಲ್ಲೇ ಇತ್ತು. 1983ರ ಮಾರುತಿ 800 ಅದೇ ಆಲ್ಟೊದ ರಫ್ತು ರೂಪ, ಮರುವರ್ಷ ಬಂದ ಓಮ್ನಿ ಸುಜುಕಿ ಕ್ಯಾರಿಯದು. ಭಾರತದಲ್ಲಿ ಕೇ ಮಿತಿ ಇಲ್ಲದ್ದರಿಂದ ಎರಡಕ್ಕೂ 796 ಸಿಸಿಯ ಎಫ್8ಬಿ ಎಂಜಿನ್ ಸಿಕ್ಕಿತು. ಜಪಾನಿನ 543 ಸಿಸಿ, 657 ಸಿಸಿ ಎಂಜಿನ್‌ಗಳ ಬಳಗದ್ದೇ ಅದು, ಆದರೆ ಟರ್ಬೊ ಇಲ್ಲ, ಕಾರು ಹಗುರ. ಓಮ್ನಿಯ ಮುಂದಿನ ಸೀಟು ಎತ್ತಿದರೆ ಎಂಜಿನ್ ಕಣ್ಣೆದುರೇ ಇರುತ್ತಿತ್ತು. ಹುಬ್ಬಳ್ಳಿಯಲ್ಲಾಗಲಿ ಹಾಸನದಲ್ಲಾಗಲಿ ರಸ್ತೆಬದಿಯ ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಅರ್ಧ ದಿನದಲ್ಲಿ ಗಾಡಿ ಕೊಟ್ಟುಬಿಡುತ್ತಿದ್ದ.

ಜಪಾನಿನಲ್ಲಿ ರಿಪೇರಿಗೆ ಅಡ್ಡನಿಂತಿರುವುದು ಬಿಲ್ಲಿನ ಮೊತ್ತವೊಂದೇ ಅಲ್ಲ. ಸ್ವಂತ ಕೇ ಕಾರಿನ ವಾರ್ಷಿಕ ತೆರಿಗೆ 10,800 ಯೆನ್. ಹದಿಮೂರು ವರ್ಷ ತುಂಬಿದ ಪೆಟ್ರೋಲ್ ಕಾರಿಗೆ ಅದು 12,900 ಆಗುತ್ತದೆ. ಶಾಕೆನ್ ಹೊತ್ತಿಗೆ ಕಟ್ಟುವ ಎರಡು ವರ್ಷದ ತೂಕದ ತೆರಿಗೆ 6,600ರಿಂದ 8,200ಕ್ಕೆ ಏರುತ್ತದೆ, ಹದಿನೆಂಟು ವರ್ಷವಾದರೆ 8,800. ಮೊತ್ತ ಸಣ್ಣದೇ. ಆದರೆ ವಾಟರ್ ಪಂಪ್, ಬುಷ್, ಆಯಿಲ್ ಸೀಲ್ ಎಂದು ಗ್ಯಾರೇಜಿನವರು ಪಟ್ಟಿ ಕೊಟ್ಟ ಹೊತ್ತಿಗೇ ಹಳೆಯ ಕಾರಿಗೆ ಈ ದಂಡವೂ ಬಂದು ಸೇರುತ್ತದೆ. ಜೋಪಾನವಾಗಿ ಆಯಿಲ್ ಬದಲಿಸಿ, ತುಕ್ಕು ಕೆರೆದು, ಕಾರನ್ನು ಹದಿನೈದು ವರ್ಷ ಓಡುವ ಸ್ಥಿತಿಯಲ್ಲಿಟ್ಟ ಮಾಲೀಕನೂ ಅಷ್ಟೇ ಹೆಚ್ಚಿನ ತೆರಿಗೆ ಕಟ್ಟಬೇಕು. ಆ ಹೆಚ್ಚುವರಿ ತೆರಿಗೆಯನ್ನು ಮೊದಲು ತೆಗೆದುಹಾಕಬೇಕು.